ಎರ್ರಿಯನ್ನು ಕೇಳಿ ಬಂದ ಫೋನು

ಹಚ್ಚೊಳ್ಳಿ
14 ಜುಲೈ 2025

ಹುಲುಗೇಶಣ್ಣನವರಿಗೆ,

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ನಿಮ್ಮ ದನಿ ಕೇಳುವುದೇ ಬೇಡವೆನಿಸಿ ಕಾಗದ ಬರೆಯುತ್ತಿದ್ದೇನೆ.

ಕಳೆದ ಶುಕ್ರವಾರ ನಾನು ಅಂಗನವಾಡಿಯಲ್ಲಿದ್ದಾಗ ನಮ್ಮ ಮನೆಯವರ ಫೋನಿಗೆ ನೀವು ಫೋನು ಮಾಡಿದ್ದೀರಿ. ಆ ಫೋನನ್ನು ನಾನು ಇನ್ನೂ ಚಾರ್ಜು ಹಾಕಿ ಇಟ್ಟಿದ್ದೇನೆ. ಮನೆಯಲ್ಲಿ ನಮ್ಮ ಅತ್ತೆ ಯಂಕಮ್ಮ ಒಬ್ಬರೇ ಇದ್ದರು. ಅವರೇ ಎತ್ತಿದ್ದಾರೆ. ನೀವು, "ಏ ಎರ್ರಿ, ಏನಲೇ, ಎಷ್ಟ್ ದಿನ ಆತೋ ಮಾತಾಡಿ! ಮೊಣಕಾಲು ಹೆಂಗೈತಿ? ಸಸಿ ಮಡಿ ಹಾಕಿದೇನು?" ಎಂದು ಕೇಳಿ ನಕ್ಕಿದ್ದೀರಿ. ಅತ್ತೆ ಅಳುತ್ತಾ, "ಹುಲುಗೇಶಾ, ನೀನಽ ಹೆಗಲು ಕೊಟ್ಟು ಮಣ್ಣು ಮಾಡಿ ಬಂದಿಯಲ್ಲೋ ನಾಯನಾ, ಮರತಿಯೇನೋ" ಅಂದಿದ್ದಾರೆ. ನೀವು "ಭಾಳ ಚಲೋ ಆತು" ಎಂದು ಹೇಳಿ ಕಂಪನಿಯ ಹೊಸ ತಳಿಯ ಬತ್ತದ ಬೀಜದ ಮಾತು ತೆಗೆದಿದ್ದೀರಿ. ಪಕ್ಕದ ಮನೆಯ ಮಾರೆಮ್ಮ ಓಡಿಬಂದು ಫೋನು ಕಿತ್ತುಕೊಂಡು ಬಂದ್ ಮಾಡಿದಳು. ಫೋನು ಸ್ಪೀಕರಿನಲ್ಲಿತ್ತು, ಇಷ್ಟನ್ನೂ ಕೇಳಿಸಿಕೊಂಡು ಹೇಳಿದವಳು ಅವಳೇ.

ಮಾರ್ಚಿನಲ್ಲಿ ನಮ್ಮ ಮನೆಯವರು ಬತ್ತದ ರಾಶಿಯ ಮುಂದೆ ಕೂತಲ್ಲೇ ಹೋದರು. ಇನ್ನೂ ನಾಲ್ಕೇ ತಿಂಗಳಾಗಿದೆ. ಅತ್ತೆ ಎರಡು ದಿನ ಅನ್ನ ಮುಟ್ಟಲಿಲ್ಲ. ನೀವು ಕುಡಿದಿದ್ದಿರೋ, ಬೀಜ ಮಾರುವ ಅವಸರದಲ್ಲಿ ಸತ್ತವರ ನೆನಪೂ ಇರಲಿಲ್ಲವೋ, ನನಗೆ ತಿಳಿಯದು. ಇಪ್ಪತ್ತು ವರ್ಷ ರಸ್ತೆ ಬದಿಯ ತುಂಡು ಹೊಲವನ್ನು ನಿಮ್ಮ ಕಂಪನಿಯ ಪ್ರಾತ್ಯಕ್ಷಿಕೆಗೆ ಬಿಟ್ಟುಕೊಟ್ಟ ಮನುಷ್ಯ ಅವರು. ನಿಮ್ಮನ್ನು ಬಿಟ್ಟು ಬೇರೆ ಗೆಳೆಯನಿರಲಿಲ್ಲ ಅವರಿಗೆ.

ಇನ್ನು ಫೋನು ಮಾಡಬೇಡಿ. ನಮ್ಮ ಬಾಗಿಲಿಗೂ ಬರಬೇಡಿ.

ಜಡೆಮ್ಮ


ಬಳ್ಳಾರಿ
19 ಜುಲೈ 2025

ತಂಗಿ ಜಡೆಮ್ಮ,

ಆ ಫೋನು ಮಾಡಿದ್ದು ನಾನಲ್ಲ. ಈ ಮಾತನ್ನು ಬರೆದು ಹರಿದು, ಮತ್ತೆ ಬರೆದಿದ್ದೇನೆ. ಓದಿದವರು ನಂಬುವ ಮಾತಲ್ಲ ಇದು. ದನಿಯೇನೋ ನನ್ನದೇ.

ಏಪ್ರಿಲ್‌ನಲ್ಲಿ ಕಂಪನಿಯವರು ನನ್ನನ್ನು ಗೋಡೆಗೆಲ್ಲ ಸ್ಪಂಜು ಬಡಿದ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ಹನ್ನೆರಡು ದಿನ ಕೂರಿಸಿದರು. ಎರಡು ಸಾವಿರ ವಾಕ್ಯ ಓದಿಸಿದರು. ನಗಿ ಎಂದರು, ನಕ್ಕೆ. ಸಿಟ್ಟಾದಂತೆ ನಗಿ, ಮಾವನ ಜೊತೆ ನಗುವಂತೆ ನಗಿ ಎಂದರು, ಹಾಗೂ ನಕ್ಕೆ. ಆಮೇಲೆ ಅದನ್ನೆಲ್ಲ ಎ.ಐ.ಗೆ ತುಂಬಿದರು. ಕೃತಕ ಬುದ್ಧಿ ಎಂದು ಪೇಪರಿನಲ್ಲಿ ಬರುತ್ತದಲ್ಲ, ಅದು. ಈಗ ಅದು ನನ್ನ ದನಿಯಲ್ಲಿ ದಿನಕ್ಕೆ ಒಂಬೈನೂರು ರೈತರಿಗೆ ಫೋನು ಮಾಡುತ್ತದೆ. ನಾನು ಬೈಕಿನಲ್ಲಿ ಇಡೀ ದಿನ ಸುತ್ತಿದರೆ ಇಪ್ಪತ್ತು ಮನೆ ಮುಟ್ಟುತ್ತಿದ್ದೆ, ಅದರಲ್ಲೂ ಎಂಟು ಕಡೆ ಚಹಾ ಕುಡಿಯಬೇಕಾಗುತ್ತಿತ್ತು. ಅದಕ್ಕೆ ಚಹಾ ಬೇಕಿಲ್ಲ.

ಅದಕ್ಕೆ ಎರ್ರಿಯ ಮೊಣಕಾಲು ಹೇಗೆ ಗೊತ್ತು ಎಂದು ನೀನು ಕೇಳುತ್ತೀ. ನನ್ನ ನೋಟ್‌ಬುಕ್ಕುಗಳಿಂದ ಗೊತ್ತು. ಒಬ್ಬ ರೈತನಿಗೆ ಒಂದು ಪುಟದಂತೆ ಇಪ್ಪತ್ತನಾಲ್ಕು ವರ್ಷ ಬರೆದೆ. ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಯಾರ ಎತ್ತು ಸತ್ತಿತು, ಯಾರಿಗೆ ತಮ್ಮನ ಜೊತೆ ಮಾತಿಲ್ಲ, ಎಲ್ಲ. ನನ್ನ ಮಾರ್ಕೆಟಿಂಗು ಅಂದರೆ ಇಷ್ಟೇ. ಮೊದಲು ಬದುವಿನ ಮೇಲೆ ಕೂತು ಮನೆಮಾತು ಆಡಬೇಕು, ರೈತ ತಾನಾಗಿ "ಈ ಸಲ ಯಾವ ಬೀಜ ತಂದೀಯಪ್ಪಾ" ಎಂದು ಕೇಳುವವರೆಗೆ ಬೀಜದ ಸುದ್ದಿ ಎತ್ತಬಾರದು. ಅದನ್ನೂ ಅದಕ್ಕೆ ನಾನೇ ಕಲಿಸಿದೆ. ಅದು ಗಡಿಯಾರ ಇಟ್ಟುಕೊಂಡು ನಾಲ್ಕು ನಿಮಿಷ ಮನೆಮಾತು ಆಡುತ್ತದೆ.

ನಾವು ಜಿಲ್ಲೆಗೆ ಹದಿನಾಲ್ಕು ಜನ ಫೀಲ್ಡಿನವರಿದ್ದೆವು. ಮೇ ತಿಂಗಳಲ್ಲಿ ಹನ್ನೊಂದು ಜನರನ್ನು ಮನೆಗೆ ಕಳಿಸಿದರು. ದನಿ ನನ್ನದಾದ್ದರಿಂದ ನಾನು ಉಳಿದೆ. 'ಧ್ವನಿ ಉಸ್ತುವಾರಿ' ಎಂದು ಹುದ್ದೆ ಕೊಟ್ಟು, ಕುರ್ಚಿ ಕೊಟ್ಟು, ಬೈಕು ಇಸಿದುಕೊಂಡರು. ಹೆಮ್ಮೆಯಿಂದ ಮನೆಗೆ ಬಂದು ಹೇಳಿದೆ. ಸುನಂದಾ ಕೂಲಿಗೆ ತಂದ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾ ಕೂತಿದ್ದಳು. ತಲೆ ಎತ್ತದೆ, "ದನಿ ಸಿಕ್ಕಮ್ಯಾಲೆ ಮನಿಷ್ಯಾನ್ನ ಎಷ್ಟ್ ದಿನ ಇಟ್ಕೋತಾರ?" ಎಂದಳು. ಹೆಂಡತಿ ಎನ್ನುವವಳು ಸ್ವಲ್ಪವಾದರೂ ಸುಳ್ಳು ಹೇಳಬೇಕು, ಇವಳಿಗೆ ಬರುವುದಿಲ್ಲ.

ಯಂಕಮ್ಮನ ಕಾಲು ಮುಟ್ಟಿ ಕ್ಷಮೆ ಕೇಳಿದೆನೆಂದು ಹೇಳು. ಎರ್ರಿಯ ಹೆಸರು ಆ ಪಟ್ಟಿಯಲ್ಲಿ ಹೇಗೆ ಉಳಿಯಿತೆಂದು ವಿಚಾರಿಸುತ್ತೇನೆ.

ನಿನ್ನ ಅಣ್ಣ ಎನ್ನುವ ಹಕ್ಕು ಇನ್ನೂ ಉಳಿದಿದ್ದರೆ,
ಹುಲುಗೇಶ


ಹಚ್ಚೊಳ್ಳಿ
2 ಆಗಸ್ಟ್ 2025

ಹುಲುಗೇಶಣ್ಣನವರಿಗೆ,

ನಿಮ್ಮ ಕಾಗದವನ್ನು ಅತ್ತೆಗೆ ಮೂರು ಸಲ ಓದಿ ಹೇಳಿದೆ. "ಮಿಷನ್ನಿಗೆ ನಗಾಕ ಬರತೈತೇನು? ಅವನಽ ಮಾಡ್ಯಾನ, ಈಗ ಅಂಜಿ ಮಿಷನ್ ಮ್ಯಾಲೆ ಹಾಕತಾನ" ಎನ್ನುತ್ತಾರೆ. ನಾನು ಅರ್ಧ ನಂಬಿದ್ದೇನೆ. ಅಕ್ಷರ ನಿಮ್ಮದೇ ಎಂಬುದು ನಿಜ. ನಮ್ಮ ತುಂಡು ಹೊಲದ ಬೋರ್ಡಿನಲ್ಲಿ ಪ್ರತಿ ವರ್ಷ ತಳಿಯ ಹೆಸರು ಬರೆಯುತ್ತಿದ್ದವರು ನೀವೇ. ಇನ್ನು ಮುಂದೆ ಏನಿದ್ದರೂ ಕೈಯಲ್ಲಿ ಬರೆದು ಕಳಿಸಿ. ನಿಮ್ಮ ದನಿಯಲ್ಲಿ ಫೋನು ಬಂದರೆ ಅದು ನೀವೋ ಅದೋ ಎಂದು ನಾನು ಹೇಗೆ ತಿಳಿಯಲಿ?

ಆದರೆ ನೋಟ್‌ಬುಕ್ಕಿನ ವಿಷಯವನ್ನು ನಾನು ಹಾಗೇ ಬಿಡುವುದಿಲ್ಲ. ಬದುವಿನ ಮೇಲೆ ಕೂತು ನಮ್ಮ ಮನೆಯವರು ನಿಮಗೆ ಏನೇನು ಹೇಳಿದ್ದರೋ! ನನಗೂ ಹೇಳದ್ದನ್ನು ಹೇಳಿರಬಹುದು. ಅದನ್ನು ಎತ್ತಿ ಯಾರೋ ಕಂಡರಿಯದವರ ಕೈಗೆ ಕೊಡಲು ನಿಮಗೆ ಮನಸ್ಸಾದರೂ ಹೇಗೆ ಬಂತು? ನಾನು ಅಂಗನವಾಡಿಯಲ್ಲಿ ಮಕ್ಕಳ ತೂಕ ಬರೆದರೂ ಆ ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ನಿಮ್ಮನ್ನು ಬೀಜ ಮಾರುವವರು ಎಂದುಕೊಂಡಿದ್ದೆವು, ನೀವು ನಮ್ಮನ್ನೇ ಮಾರಿದಿರಿ.

ಕಾಲುವೆಗೆ ನೀರು ಬಂದಿದೆ. ನಾಟಿ ಮುಂದಿನ ವಾರ. ತುಂಡು ಹೊಲಕ್ಕೆ ಈ ವರ್ಷ ಬೋರ್ಡು ಇಲ್ಲ.

ಜಡೆಮ್ಮ


ಬಳ್ಳಾರಿ
17 ಆಗಸ್ಟ್ 2025

ತಂಗಿ ಜಡೆಮ್ಮ,

ನೀನು ಬರೆದದ್ದು ಸರಿ. ಎರಡು ವಾರ ಉತ್ತರ ಬರೆಯಲಾಗಲಿಲ್ಲ.

ಮನಸ್ಸಿಗೆ ಯಾರಾದರೂ ಬೇಕೆನಿಸಿ ಕುರುಗೋಡಿಗೆ ಹೋಗಿ ಹಂಪೇಶನನ್ನು ಕಂಡೆ. ನನ್ನ ಜೊತೆಯ ಫೀಲ್ಡಿನವನು, ಹದಿನಾರು ವರ್ಷ ಕುರುಗೋಡಿನ ಹಳ್ಳಿಗಳನ್ನು ನೋಡಿಕೊಂಡವನು, ಮೇ ತಿಂಗಳಲ್ಲಿ ಹೋದ ಹನ್ನೊಂದು ಜನರಲ್ಲಿ ಒಬ್ಬ. ಈಗ ಸಾಮಾನು ಸಾಗಿಸುವ ಆಟೊ ಓಡಿಸುತ್ತಾನೆ. ಬಯ್ಯುತ್ತಾನೆ ಎಂದುಕೊಂಡು ಹೋದರೆ ನಗುತ್ತಾ ಮಿರ್ಚಿ ಬಜ್ಜಿ ಕೊಡಿಸಿದ. "ಬಾರಪ್ಪಾ ಒಂಬೈನೂರು ಬಾಯಿಯಂವಾ. ನನಗೂ ಫೋನ್ ಬಂದಿತ್ತಲೇ ನಿಂದು. 'ಹಂಪೇಶಣ್ಣಾ, ಕೆಲಸ ಹೆಂಗ ನಡದೈತಿ' ಅಂತ ಕೇಳ್ತು. ನೀನಽ ನನ್ನ ಕೆಲಸ ಕಸಗೊಂಡು ನೀನಽ ಕೇಳ್ತೀಯಲ್ಲ ಅಂದೆ. 'ಭಾಳ ಚಲೋ ಆತು' ಅಂತು" ಎಂದ. ಇಬ್ಬರೂ ನಕ್ಕೆವು.

ಆಮೇಲೆ ಒಂದು ಬಾಡಿಗೆ ಸಾಮಾನಿನ ಜೊತೆ ಅವನು ನನ್ನನ್ನೂ ಸಿರುಗುಪ್ಪದವರೆಗೆ ಕರೆದೊಯ್ದ. ಅಲ್ಲಿ ನಾವು ಮೊದಲು ಬೀಜ ಇಳಿಸುತ್ತಿದ್ದ ಅಂಗಡಿಯಲ್ಲಿ ಈಗ ಗಲ್ಲಾದ ಮೇಲೆ ಒಂದು ಪರದೆ ಇಟ್ಟಿದ್ದಾರೆ. ರೈತ ಎಲೆ ಹಿಡಿದು ತೋರಿಸಿದರೆ ಅದು ರೋಗದ ಹೆಸರು ಹೇಳಿ ಔಷಧ ಹೇಳುತ್ತದೆ. ಚೆನ್ನಾಗಿಯೇ ಹೇಳುತ್ತದೆ, ಸುಳ್ಳೇಕೆ ಹೇಳಲಿ? ನಾನು ಊಹೆಯ ಮೇಲೆ ಹೇಳುತ್ತಿದ್ದೆ, ಎಷ್ಟೋ ಸಲ ತಪ್ಪಾಗುತ್ತಿತ್ತು. ದೇಶನೂರಿನಿಂದ ಬಂದ ಒಬ್ಬ ಮುದುಕ ಮಾತ್ರ ಪರದೆಯ ಮುಂದೆ ಎಲೆ ಹಿಡಿದು, ಅದು ಹೇಳಿದ್ದೆಲ್ಲ ಕೇಳಿ, ಮತ್ತೆ ನನ್ನ ಕಡೆ ತಿರುಗಿ, "ಹೌದೇನಪ್ಪಾ?" ಎಂದ. "ಹೌದು ಮಾವ" ಎಂದೆ. ಅಷ್ಟೇ ನನ್ನ ಅಂದಿನ ದುಡಿಮೆ.

ಕರಪತ್ರ, ಗೋಡೆ ಬರಹ, ರೇಡಿಯೊ ಜಾಹೀರಾತು, ಎಲ್ಲವನ್ನೂ ಈಗ ಅದೇ ಬರೆಯುತ್ತದೆ. ನಮ್ಮ ಆಫೀಸಿನಲ್ಲಿ ಬರೆಯುತ್ತಿದ್ದ ಚೈತ್ರಾ ಎಂಬ ಹುಡುಗಿಗೆ ಅದು ಬರೆದದ್ದನ್ನು ತಿದ್ದುವ ಕೆಲಸ ಕೊಟ್ಟಿದ್ದಾರೆ. ಅವಳು ತಿದ್ದಿದ ಹಾಗೆಲ್ಲ ಅದು ಕಲಿಯುತ್ತದೆ. "ಸಾರ್, ನನ್ನ ಕುಣಿ ನಾನಽ ತೋಡಾಕತ್ತೀನಿ, ಅಕ್ಷರ ಮಾತ್ರ ಚಂದ ಬರಾಕತ್ತಾವ" ಎಂದಳು. ಇಪ್ಪತ್ತಾರು ವರ್ಷದವಳು ಇಷ್ಟು ದಣಿದು ಮಾತಾಡುವುದನ್ನು ನಾನು ಕೇಳಿರಲಿಲ್ಲ.

ನಾಳೆ ಮ್ಯಾನೇಜರ್ ಭೀಮರಾಜರಿಗೆ ಲಿಖಿತ ದೂರು ಕೊಡುತ್ತೇನೆ. ಸತ್ತವನಿಗೆ ನನ್ನ ದನಿಯಲ್ಲಿ ಫೋನು ಹೋಗಿದೆ, ಮುಂದೆ ಹೀಗಾಗಬಾರದು, ಆಗುವುದಾದರೆ ನನ್ನ ದನಿ ನನಗೆ ವಾಪಸು ಕೊಡಿ ಎಂದು ಬರೆದಿದ್ದೇನೆ. ದನಿ ವಾಪಸು ಬಂದರೆ ಕುರ್ಚಿ ಹೋಗುತ್ತದೆ. ಅದು ನನಗೆ ಗೊತ್ತಿದೆ.

ನಿನ್ನ ಮಾತು ಒಪ್ಪಿಕೊಂಡ,
ಹುಲುಗೇಶ


ಹಚ್ಚೊಳ್ಳಿ
30 ಆಗಸ್ಟ್ 2025

ಹುಲುಗೇಶಣ್ಣನವರಿಗೆ,

ದೂರು ಕೊಡಬೇಡಿ. ಕೊಟ್ಟಿದ್ದರೆ ವಾಪಸು ತೆಗೆದುಕೊಳ್ಳಿ. ನಮ್ಮ ನಂಬರೊಂದನ್ನು ತೆಗೆಸಿದರೆ ಸಾಕು. ನಮ್ಮ ಮನೆಯ ಸಲುವಾಗಿ ನಿಮ್ಮ ಕೆಲಸ ಹೋಗುವುದು ನನಗೆ ಬೇಡ.

ಒಂದು ಮಾತು ಕೇಳಬೇಕಿತ್ತು. ಆ ಮಿಷನ್ನು ತಾನು ಆಡಿದ್ದನ್ನಷ್ಟೇ ಇಟ್ಟುಕೊಳ್ಳುತ್ತದೆಯೋ, ಈ ಕಡೆಯವರು ಆಡಿದ್ದನ್ನೂ ಇಟ್ಟುಕೊಳ್ಳುತ್ತದೆಯೋ? ಅದನ್ನು ಯಾರು ಬೇಕಾದರೂ ಕೇಳಬಹುದೇ? ಸುಮ್ಮನೆ ತಿಳಿಯಲೆಂದು ಕೇಳಿದೆ.

ಅತ್ತೆ ಈಗ ಊಟ ಮಾಡುತ್ತಿದ್ದಾರೆ.

ಜಡೆಮ್ಮ


ಬಳ್ಳಾರಿ
21 ಸೆಪ್ಟೆಂಬರ್ 2025

ತಂಗಿ ಜಡೆಮ್ಮ,

ನಿನ್ನ ಕಾಗದ ಬರುವಷ್ಟರಲ್ಲಿ ದೂರು ಹೈದರಾಬಾದಿನ ಹೆಡ್ ಆಫೀಸು ಮುಟ್ಟಿತ್ತು. ಹೋದ ಸೋಮವಾರ ನನ್ನ ಕೆಲಸ ಮುಗಿಯಿತು. ದನಿ ವಾಪಸು ಬಂತು. ಇಲ್ಲಿ ಅಡುಗೆಮನೆಯಲ್ಲಿ ಸುನಂದಾಳ ಮುಂದೆ ಅದನ್ನೇ ಬಳಸುತ್ತಿದ್ದೇನೆ, ಅವಳೂ ಬೀಜ ಕೊಳ್ಳುವುದಿಲ್ಲ.

ಭೀಮರಾಜರು ಕೆಟ್ಟವರಲ್ಲ. ಕೊನೆಯ ದಿನ ಮೆಟ್ಟಿಲವರೆಗೆ ಬಂದು, "ಮುಂದಿನ ವರ್ಷ ನನ್ನ ಕುರ್ಚಿನೂ ಇರಂಗಿಲ್ಲ ಹುಲುಗೇಶ, ರಿಪೋರ್ಟು ಬರಿಯಾದೂ ಅದಽ ಕಲಿತೈತಿ" ಎಂದರು. ನಿಮ್ಮ ನಂಬರು ತೆಗೆಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಆಗುವವರೆಗೆ ಬೇರೆ ದನಿಯಲ್ಲಿ ಕರೆ ಬಂದರೂ ಬರಬಹುದು, ಎತ್ತಬೇಡ.

ಕೌಲ್ ಬಜಾರಿನ ಒಂದು ಜೀನ್ಸ್ ಕಂಪನಿಗೆ ಮಾರ್ಕೆಟಿಂಗಿಗೆ ಜನ ಬೇಕು ಎಂದರು, ಹೋದೆ. ನನ್ನ ಮಗನಾಗುವ ವಯಸ್ಸಿನವನು ಕೇಳಿದ: ಜಾಹೀರಾತು ಎ.ಐ. ಬರೆಯುತ್ತದೆ, ಪ್ಯಾಂಟು ಹಾಕಿಕೊಂಡ ಹುಡುಗನ ಫೋಟೊ ಅದೇ ಮಾಡುತ್ತದೆ, ಗಿರಾಕಿಗೆ ಉತ್ತರ ಅದೇ ಕೊಡುತ್ತದೆ, ನಿಮಗೆ ಏನು ಬರುತ್ತದೆ? ಜನರ ಜೊತೆ ಕೂರಲು ಬರುತ್ತದೆ ಎಂದೆ. ಅವನು ಮರ್ಯಾದೆಯಿಂದ ತಲೆ ಆಡಿಸಿದ. ಎದ್ದು ಬಂದೆ.

ನೀನು ಕೇಳಿದ್ದಕ್ಕೆ ಉತ್ತರ: ಅದು ಏನೇನು ಇಟ್ಟುಕೊಳ್ಳುತ್ತದೋ ನನಗೆ ಸರಿಯಾಗಿ ಗೊತ್ತಿಲ್ಲ. ಆ ಚಿಂತೆ ಬಿಡು. ತಪ್ಪು ನನ್ನದು, ಪೂರಾ ನನ್ನದು. ಇಂದು ಮಹಾಲಯ ಅಮಾವಾಸ್ಯೆ. ಎರ್ರಿಯ ನೆನಪಾಗಿ ಊಟ ಸೇರಲಿಲ್ಲ.

ಹುಲುಗೇಶ


ಹಚ್ಚೊಳ್ಳಿ
12 ಅಕ್ಟೋಬರ್ 2025

ಅಣ್ಣಾ,

ನಿಮ್ಮ ಕೆಲಸ ಹೋದ ಸುದ್ದಿ ಓದಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಹೇಳದೆ ಇಟ್ಟುಕೊಂಡರೆ ಪಾಪ ಸುತ್ತಿಕೊಳ್ಳುತ್ತದೆ. ಓದಿ ಬಯ್ಯುವುದಿದ್ದರೆ ಬಯ್ಯಿರಿ.

ಅತ್ತೆ ಎತ್ತಿದ್ದು ಮೊದಲ ಫೋನಲ್ಲ. ಅದಕ್ಕೂ ಮುಂಚೆ ನಾಲ್ಕು ಸಲ ಬಂದಿತ್ತು. ನಾಲ್ಕು ಸಲವೂ ಎತ್ತಿದವಳು ನಾನು.

ಮೊದಲ ಸಲ ಬಂದದ್ದು ಜೂನ್ ತಿಂಗಳಲ್ಲಿ. ನಾನು ಒಲೆ ಹಚ್ಚುತ್ತಿದ್ದೆ. "ಎರ್ರಿ ಅದಾನೇನು?" ಎಂದು ನಿಮ್ಮ ದನಿ ಕೇಳಿತು. ನೀವು ಯಾಕೆ ಹೀಗೆ ಕೇಳುತ್ತೀರಿ ಎಂದು ಬಯ್ಯಬೇಕೆಂದೇ ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು ಬೇರೆ. "ಹೊಲಕ್ಕ ಹೋಗ್ಯಾರ" ಎಂದುಬಿಟ್ಟೆ. ಇಪ್ಪತ್ತು ವರ್ಷ ನಿಮಗೆ ಫೋನಿನಲ್ಲಿ ನಾನು ಹೇಳಿದ್ದು ಅದೇ ಮಾತಲ್ಲವೇ? ಆ ಕಡೆಯಿಂದ "ಆತು, ಬಂದಮ್ಯಾಲೆ ಮಾತಾಡ್ತೀನಿ" ಎಂದಿತು. ಫೋನು ಇಟ್ಟೆ. ಅವತ್ತು ಸಂಜೆಯವರೆಗೆ, ನಂಬಿ ಅಣ್ಣಾ, ಅವರು ಹೊಲದಲ್ಲೇ ಇದ್ದಂತೆ ಅನಿಸಿತು. ಅನ್ನಕ್ಕೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿದೆ.

ಏನೋ ತಪ್ಪು ನಡೆಯುತ್ತಿದೆ ಎಂದು ನನಗೂ ಅನ್ನಿಸಿತ್ತು. ನೀವು ತಲೆ ಕೆಟ್ಟು ಹಾಗೆ ಕೇಳುತ್ತಿದ್ದೀರಿ, ಗೆಳೆಯನನ್ನು ಮರೆಯಲಾಗದೆ ಕೇಳುತ್ತಿದ್ದೀರಿ ಎಂದುಕೊಂಡೆ. ನಿಮ್ಮ ಸಲುವಾಗಿ ಹೇಳುತ್ತಿದ್ದೇನೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಎರಡನೆಯ ಸಲ "ನೀರು ಕಟ್ಟಾಕ ಹೋಗ್ಯಾರ" ಎಂದೆ. ಮೂರನೆಯ ಸಲ ಕೆಂಚನಗುಡ್ಡಕ್ಕೆ ಹೋಗಿದ್ದಾರೆ ಎಂದೆ. ನಾಲ್ಕನೆಯ ಸಲ ಬರುವ ಹೊತ್ತಿಗೆ ನಾನು ಆ ಫೋನಿಗೆ ಕಾಯುತ್ತಿದ್ದೆ. ಮೊಣಕಾಲು ಹೇಗಿದೆ ಎಂದು ಕೇಳಿದಾಗ, "ಈಗ ಬರೋಬ್ಬರಿ ಐತಿ, ಕುಂಟಂಗಿಲ್ಲ" ಎಂದೆ.

ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅತ್ತೆ, ನಿನ್ನ ಗಂಡನ ಹೆಸರು ಹೇಳಿ ಒಂದು ಎಲೆ ಹಾಕು ಎಂದರು. ನನ್ನ ಕೈ ಏಳಲಿಲ್ಲ. ಮಗನನ್ನು ಕಳಕೊಂಡ ಎಪ್ಪತ್ತೈದರ ಮುದುಕಿಯೇ ಹಾಕಿದಳು.

ಮಿಷನ್ನು ಮತ್ತೆ ಮತ್ತೆ ಫೋನು ಮಾಡಿದ್ದು ಅವರು ಇದ್ದಾರೆ ಎಂದು ನಾನು ಹೇಳಿದ್ದಕ್ಕೆ. ಅತ್ತೆಯ ಕೈಗೆ ಆ ಫೋನು ಸಿಕ್ಕಿದ್ದೂ ಅದೇ ಕಾರಣಕ್ಕೆ. ಸಿಟ್ಟನ್ನೆಲ್ಲ ನಿಮ್ಮ ತಲೆಗೆ ಕಟ್ಟಿದೆ. ನಿಮ್ಮ ಕೆಲಸ ತಿಂದವಳು ನಾನು. ಇನ್ನೂ ಸಮಯವಿದ್ದರೆ ಈ ಕಾಗದವನ್ನೇ ನಿಮ್ಮ ಮ್ಯಾನೇಜರಿಗೆ ತೋರಿಸಿ ಕೆಲಸ ಕೇಳಿ.

ತಪ್ಪಿತಸ್ಥೆ,
ಜಡೆಮ್ಮ


ಬಳ್ಳಾರಿ
26 ಅಕ್ಟೋಬರ್ 2025

ತಂಗಿ,

ನನಗೆ ಗೊತ್ತಿತ್ತು.

ದೂರು ಕೊಟ್ಟ ಮೂರನೆಯ ದಿನವೇ ಭೀಮರಾಜರು ನನ್ನನ್ನು ಕರೆದು ನಾಲ್ಕು ಕರೆಗಳನ್ನೂ ಕೇಳಿಸಿದರು. ಒಂದು ಕಡೆ ನನ್ನ ದನಿ, ಇನ್ನೊಂದು ಕಡೆ ನಿನ್ನ ದನಿ. ಅವರ ಮುಂದೆಯೇ ಒಂದು ಕಾಗದ ಟೈಪಾಗಿ ಬಂದಿತ್ತು. 'ಗ್ರಾಹಕರ ಮನೆಯವರೇ ತಪ್ಪು ಮಾಹಿತಿ ನೀಡಿದ್ದಾರೆ, ವ್ಯವಸ್ಥೆಯಲ್ಲಿ ದೋಷವಿಲ್ಲ.' ಅದಕ್ಕೆ ಸಹಿ ಹಾಕಿದರೆ ದೂರು ಬಂದ್, ಕೆಲಸ ಭದ್ರ. "ಒಂದು ಸಹಿ ಹಾಕಿಬಿಡೋ ಮಾರಾಯಾ, ಆ ಹೆಣ್ಣುಮಗಳಿಗೆ ಏನೂ ಆಗಂಗಿಲ್ಲ, ಆಕಿಗೆ ಗೊತ್ತಽ ಆಗಂಗಿಲ್ಲ" ಎಂದರು. ನಿಜವೇ. ನಿನಗೆ ಗೊತ್ತಾಗುತ್ತಿರಲಿಲ್ಲ. ನಾನು ಹಾಕಲಿಲ್ಲ. ದೊಡ್ಡಸ್ತಿಕೆಯೆಂದು ತಿಳಿಯಬೇಡ. ನೀನು ಸುಳ್ಳಿಯಾದರೆ ನಾನೂ ಸುಳ್ಳನೇ, ಅದಕ್ಕೆ ಹಾಕಲಿಲ್ಲ.

ನನ್ನ ಸುಳ್ಳನ್ನು ಈಗ ಹೇಳುತ್ತೇನೆ. ಯಾವ ರೈತ ತೀರಿಕೊಂಡರೂ ನಾನು ಅವನ ಪುಟದ ಮೇಲೆ ತಾರೀಖು ಹಾಕಿ ಅಡ್ಡಗೆರೆ ಎಳೆಯುತ್ತಿದ್ದೆ. ಫೀಲ್ಡಿನವರೆಲ್ಲ ಹಾಗೇ ಮಾಡುವುದು. ಎರ್ರಿಯದ್ದು ಎಳೆಯಲಿಲ್ಲ. ಮಣ್ಣು ಮಾಡಿ ಬಂದು ನೋಟ್‌ಬುಕ್ಕು ತೆರೆದೆ, ಪೆನ್ನು ಹಿಡಿದೆ, ಮುಚ್ಚಿಟ್ಟೆ. ಏಪ್ರಿಲ್‌ನಲ್ಲಿ ಆ ಸ್ಪಂಜಿನ ಕೋಣೆಯಲ್ಲಿ, ಒಬ್ಬೊಬ್ಬ ರೈತನನ್ನೂ ಬದುವಿನ ಮೇಲಿಂದ ಹೇಗೆ ಕೂಗುತ್ತೀರೋ ಹಾಗೆ ಹೆಸರು ಹಿಡಿದು ಕೂಗಿ ಎಂದರು. ಪುಟ ತಿರುಗಿಸುತ್ತಾ ಕೂಗುತ್ತಾ ಹೋದೆ. ಎರ್ರಿಯ ಪುಟ ಬಂತು. ಇವನಿಲ್ಲ, ಮುಂದಿನದು ಎಂದರೆ ಮುಗಿಯುತ್ತಿತ್ತು. ಗಾಜಿನ ಆಚೆ ಇದ್ದ ಇಬ್ಬರಿಗೆ ಎರ್ರಿ ಯಾರೋ ಏನೋ. ನಾನು ಗಂಟಲು ಬಿಟ್ಟು, "ಏ ಎರ್ರೀ, ಎಲ್ಲಿ ಸತ್ತಿಯಲೇ!" ಎಂದು ಕೂಗಿದೆ. ನಾವು ಕೂಗುತ್ತಿದ್ದದ್ದೇ ಹಾಗಲ್ಲವೇ? "ಭಾಳ ಚಲೋ ಬಂತು ಸಾರ್, ಇನ್ನೊಂದ್ ಸಲ" ಎಂದರು. ಇನ್ನೊಂದು ಸಲ ಕೂಗಿದೆ. ಆಮೇಲೆ ಅವರು ಬೇಡ ಎಂದರೂ ಮೂರನೆಯ ಸಲ ಕೂಗಿದೆ. ಸುಖವಾಗಿತ್ತು ತಂಗಿ. ಅವನು ಸತ್ತ ಮೇಲೆ ಅಷ್ಟು ಸುಖ ನನಗೆ ಆಗಿರಲಿಲ್ಲ.

ಅವನನ್ನು ಪಟ್ಟಿಗೆ ಸೇರಿಸಿದವನು ನಾನು. ನೀನು ಅವನನ್ನು ಅಲ್ಲಿ ಉಳಿಸಿಕೊಂಡೆ, ಅಷ್ಟೇ. ಮಿಷನ್ನಿನದು ಇದರಲ್ಲಿ ಏನೂ ತಪ್ಪಿಲ್ಲ.

ಕೆಲಸಕ್ಕೆ ಮತ್ತೆ ಹೋಗಿ ಕೇಳುವುದಿಲ್ಲ. ಹೋದರೂ ನನಗೆ ಅಲ್ಲಿ ಕೂರುವ ಶಕ್ತಿ ಇಲ್ಲ. ಹಂಪೇಶ ಬಾ ಎಂದಿದ್ದಾನೆ, ದಿನಾ ಕುರುಗೋಡಿಗೆ ಹೋಗಿ ಆಟೊಗೆ ಸಾಮಾನು ಏರಿಸುತ್ತೇನೆ. ಬೆನ್ನು ನೋಯುತ್ತದೆ. ಬಹಳ ವರ್ಷ ಮಾತಾಡಿದ್ದಾಯಿತು, ಸ್ವಲ್ಪ ದಿನ ಸುಮ್ಮನಿರುವುದೂ ಹಿತವಾಗಿದೆ.

ನಿನ್ನ ಅಣ್ಣ,
ಹುಲುಗೇಶ


ಹಚ್ಚೊಳ್ಳಿ
16 ನವೆಂಬರ್ 2025

ಅಣ್ಣಾ,

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಲಿಲ್ಲ. ಅದು ನಮ್ಮಿಬ್ಬರ ನಡುವೆಯೇ ಇರಲಿ.

ನಂಬರು ತೆಗೆದಿಲ್ಲ. ಮಂಗಳವಾರ ಮತ್ತೆ ಕರೆ ಬಂತು. ನೀವು ಎತ್ತಬೇಡ ಎಂದಿದ್ದಿರಿ, ಎತ್ತಿದೆ. ಈ ಸಲ ಒಬ್ಬ ಹೆಣ್ಣುಮಗಳ ದನಿ. ಸಣ್ಣ ವಯಸ್ಸಿನದು, ಮೆತ್ತಗಿತ್ತು. ನಮ್ಮ ಕಡೆಯ ಮಾತನ್ನೇ ಆಡುತ್ತಿತ್ತು. "ನಮಸ್ಕಾರ್ರಿ, ಎರ್ರಿಸ್ವಾಮಿಯವರು ಅದಾರೇನ್ರಿ?" ಎಂದಿತು.

ಅತ್ತೆ ಒಳಗೆ ಮಲಗಿದ್ದರು. ನಾನು ಅಂಗಳಕ್ಕೆ ಬಂದೆ. 'ಹೊಲಕ್ಕ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಇಲ್ಲವ್ವಾ, ಅವರು ತೀರಿಕೊಂಡಾರ" ಎಂದೆ. ಎಂಟು ತಿಂಗಳಾಯಿತು, ಆ ಮಾತನ್ನು ಯಾರಿಗೂ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ ಆದ್ದರಿಂದ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಮೊದಲು ಹೇಳಿದ್ದು ಆ ಮಿಷನ್ನಿಗೆ.

"ಭಾಳ ದುಃಖದ ಸುದ್ದಿರಿ" ಎಂದಿತು. ಅದಕ್ಕೆ ದುಃಖ ಎಲ್ಲಿಯದು ಎಂದು ನನಗೂ ಗೊತ್ತು, ಆದರೂ ಫೋನು ಇಡಲಿಲ್ಲ. ಆಮೇಲೆ, "ಈಗ ಹೊಲ ಯಾರು ನೋಡ್ಕೋತಾರ್ರಿ?" ಎಂದು ಕೇಳಿತು. "ನಾನು" ಎಂದೆ. "ನಿಮ್ಮ ಹೆಸರ್ರಿ?" ಎಂದಿತು. ಹೇಳಿದೆ. ಜಡೆಮ್ಮ ಎಂದು ಒಂದು ಸಲ ತಿರುಗಿ ಅಂದು ನೋಡಿಕೊಂಡಿತು. ಬೀಜದ ಮಾತು ತೆಗೆಯುವ ಮುಂಚೆ ನಾನೇ ಫೋನು ಇಟ್ಟೆ.

ನಿನ್ನೆ ಮತ್ತೆ ಬಂತು. "ಜಡೆಮ್ಮಾರೇನ್ರಿ?" ಎಂದು ಕೇಳಿತು. ಅವರ ಹೆಸರು ಎತ್ತಲೇ ಇಲ್ಲ. ಅವರದೇ ಫೋನು, ಅವರದೇ ನಂಬರು, ನಾಲ್ಕೇ ದಿನದಲ್ಲಿ ಪೂರಾ ಮರೆತಿತ್ತು. ನಾನು ಹೇಳಿದ್ದನ್ನು ಅದು ನಂಬಿದೆ ಅಣ್ಣಾ. ನಾನು ಅಂಗಳದಲ್ಲೇ ಕೂತು ಅತ್ತುಬಿಟ್ಟೆ. ಮಾರ್ಚಿನಲ್ಲಿ ನಾನು ಅಳಲಿಲ್ಲ ಎಂದು ಮಾರೆಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ನಿನ್ನೆ ಅವಳೇ ಬಂದು ನೀರು ಕುಡಿಸಿದಳು.

ಬತ್ತ ಕೊಯ್ಲಿಗೆ ಬಂದಿದೆ. ಮುಂದಿನ ಭಾನುವಾರ ಅಂಗನವಾಡಿಗೆ ರಜೆ. ಸುನಂದಕ್ಕನನ್ನೂ ಕರೆದುಕೊಂಡು ಬನ್ನಿ. ಅತ್ತೆ ಎರಡು ಮಾತು ಬಯ್ಯುತ್ತಾರೆ, ಬಯ್ಯಿಸಿಕೊಳ್ಳಿ. ನಮ್ಮ ಮನೆಯವರು ಬದುವಿನ ಮೇಲೆ ನಿಮ್ಮ ಹತ್ತಿರ ಏನೇನು ಮಾತಾಡುತ್ತಿದ್ದರು ಎಂದು ನನಗೆ ಹೇಳಿ, ಕೆಟ್ಟದ್ದಿದ್ದರೂ ಹೇಳಿ. ಈಗ ಅವರನ್ನು ಕೇಳಿಕೊಂಡು ಯಾರೂ ಫೋನು ಮಾಡುವುದಿಲ್ಲ.

ದಾರಿ ನೋಡುವ ತಂಗಿ,
ಜಡೆಮ್ಮ